ಕ್ಯಾಂಬೋರ್ನ್, ರೆಡ್ರುತ್: ಗಣಿಯೂರಿನ ಮಕ್ಕಳು ಹೇಳಿದ ಚರಿತ್ರೆ

(ಕೋಲಾರದಲ್ಲಿ ಶಾಲಾ ಶಿಕ್ಷಕರ ಎದುರು ಮಾಡಿದ ಉಪನ್ಯಾಸ. ಟಿಪ್ಪಣಿ ಮತ್ತು ಧ್ವನಿಮುದ್ರಣದಿಂದ ಸಿದ್ಧಪಡಿಸಿದ ಬರಹ.)

ನಿಮ್ಮಲ್ಲಿ ಕೆ.ಜಿ.ಎಫ್. ಕಡೆಯವರು ಕೆಲವರಾದರೂ ಇದ್ದೀರಿ. ಅಲ್ಲಿ ಗಣಿಯ ಮೇಲ್ವಿಚಾರಕರನ್ನು ಒಂದು ಕಾಲದಲ್ಲಿ ಕ್ಯಾಪ್ಟನ್ ಅನ್ನುತ್ತಿದ್ದರು ಎಂದು ಮನೆಯ ಹಿರಿಯರ ಬಾಯಲ್ಲಿ ಕೇಳಿರುತ್ತೀರಿ. ಅವರು ಸೈನ್ಯದಲ್ಲಿದ್ದು ಬಂದವರಲ್ಲ. ಇಂಗ್ಲೆಂಡಿನ ನೈರುತ್ಯ ತುದಿಯ ಕಾರ್ನ್‌ವಾಲ್‌ನಲ್ಲಿ ಗಣಿಯೊಳಗಿನ ಕೆಲಸ ನೋಡಿಕೊಳ್ಳುವವನಿಗೆ ಇದ್ದ ಹೆಸರೇ ಅದು. ಆ ಹೆಸರು ಕೋಲಾರಕ್ಕೆ ಬಂದದ್ದು ಮನುಷ್ಯರ ಜೊತೆ. ಆ ಮನುಷ್ಯರು ಹುಟ್ಟಿ ಬೆಳೆದ ಎರಡು ಊರುಗಳ ಬಗ್ಗೆ, ಅಲ್ಲಿಯ ಜನ ತಮ್ಮ ಬಾಲ್ಯವನ್ನು ಹೇಗೆ ನೆನಪಿಟ್ಟುಕೊಂಡರು, ಹೇಗೆ ಬರೆದಿಟ್ಟರು ಎನ್ನುವುದರ ಬಗ್ಗೆ ಇವತ್ತು ಮಾತಾಡುತ್ತೇನೆ.

ಊರುಗಳ ಹೆಸರು ಕ್ಯಾಂಬೋರ್ನ್ ಮತ್ತು ರೆಡ್ರುತ್. ಒಂದರಿಂದ ಇನ್ನೊಂದಕ್ಕೆ ಐದಾರು ಕಿಲೋಮೀಟರ್ ಅಷ್ಟೇ. ನಡುವೆ ಕಾರ್ನ್ ಬ್ರೇ ಎಂಬ ಕಲ್ಲುಗುಡ್ಡ. ಅದರ ನೆತ್ತಿಯ ಮೇಲೆ ಅಲ್ಲಿಯ ಜಮೀನ್ದಾರನೊಬ್ಬನ ನೆನಪಿಗೆ 1836ರಲ್ಲಿ ಎಬ್ಬಿಸಿದ ತೊಂಬತ್ತು ಅಡಿಯ ಶಿಲಾಸ್ತಂಭ ಇದೆ. ಗುಡ್ಡ ಹತ್ತಿ ನಿಂತರೆ ಸುತ್ತಲೂ ಮೊಂಡು ಗೋಡೆಯ, ಒಂದು ಪಕ್ಕದಲ್ಲಿ ಚಿಮಣಿ ಇರುವ ಕಲ್ಲುಕಟ್ಟಡಗಳು ಕಾಣುತ್ತವೆ. ಗಣಿಯೊಳಗಿನ ನೀರೆತ್ತುವ ಉಗಿಯಂತ್ರಗಳನ್ನು ಕೂರಿಸಿದ್ದ ಮನೆಗಳು ಅವು. ಚಾವಣಿ ಹೋಗಿದೆ, ಯಂತ್ರ ಹೋಗಿದೆ, ಗೋಡೆ ಮಾತ್ರ ನಿಂತಿದೆ. 2006ರಲ್ಲಿ ಯುನೆಸ್ಕೋ ಈ ಗಣಿನಾಡನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು.

ಕೋಲಾರದ ನಂಟನ್ನು ಮೊದಲೇ ಹೇಳಿಬಿಡುತ್ತೇನೆ. ಜಾನ್ ಟೇಲರ್ ಎಂಬ ಗಣಿ ಉದ್ಯಮಿ 1819ರಲ್ಲಿ ರೆಡ್ರುತ್ ಪಕ್ಕದ ಗ್ವೆನಪ್‌ನಲ್ಲಿ ನಿಂತುಹೋಗಿದ್ದ ತಾಮ್ರದ ಗಣಿಗಳನ್ನು ಮತ್ತೆ ಶುರು ಮಾಡಿ ಹೆಸರು ಗಳಿಸಿದ. ಅಲ್ಲಿಂದ ಮುಂದೆ ಮೆಕ್ಸಿಕೋದ ರಿಯಲ್ ದೆಲ್ ಮೊಂಟೆಯ ಬೆಳ್ಳಿಗಣಿ. ಅದೇ ಮನೆತನದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರಲ್ಲಿ ಕೋಲಾರಕ್ಕೆ ಬಂತು. ಕಂಪನಿ ಹೋದಲ್ಲೆಲ್ಲ ಕಾರ್ನ್‌ವಾಲ್‌ನ ಗಣಿಗಾರರನ್ನು ಕರೆದೊಯ್ಯುತ್ತಿತ್ತು. ಭೂಮಿಯ ಮೇಲೆ ಎಲ್ಲಿ ಗುಂಡಿ ತೋಡಿದರೂ ಅದರ ತಳದಲ್ಲಿ ಒಬ್ಬ ಕಾರ್ನ್‌ವಾಲ್‌ನವನು ಸಿಗುತ್ತಾನೆ ಎಂಬ ಮಾತೇ ಹುಟ್ಟಿಕೊಂಡಿತ್ತು.

ಕಂಪನಿಯ ಚರಿತ್ರೆ ನಮಗೆ ಚೆನ್ನಾಗಿ ಗೊತ್ತು, ಯಾಕೆಂದರೆ ಕಂಪನಿ ಲೆಕ್ಕ ಇಟ್ಟಿತು. ಎಷ್ಟು ಅಡಿ ಇಳಿದರು, ಎಷ್ಟು ಟನ್ ಅದಿರು ಬಂತು, ಷೇರುದಾರರಿಗೆ ಎಷ್ಟು ಹಂಚಿದರು, ಎಲ್ಲ ಸಿಗುತ್ತದೆ. ಆದರೆ ಆ ಊರಲ್ಲಿ ಏಳು ವರ್ಷದ ಹುಡುಗಿ ಬೆಳಗ್ಗೆ ಎದ್ದರೆ ಏನು ಕೇಳಿಸುತ್ತಿತ್ತು, ಏನು ತಿಂದಳು, ಅಪ್ಪ ಎಲ್ಲಿದ್ದ ಎನ್ನುವುದು ಆ ಪುಸ್ತಕಗಳಲ್ಲಿ ಇಲ್ಲ. ಅದು ಬರಬೇಕಾದರೆ ಆ ಹುಡುಗಿಯೇ ಹೇಳಬೇಕು, ಮುದುಕಿಯಾದ ಮೇಲಾದರೂ ಹೇಳಬೇಕು, ಯಾರಾದರೂ ಕೂತು ಬರೆದುಕೊಳ್ಳಬೇಕು. ಊರಿನ ಚರಿತ್ರೆ ನಿಂತಿರುವುದು ಆ ಕೂತು ಬರೆದುಕೊಂಡವರಿಂದ ಎಂಬುದು ನನ್ನ ಗಟ್ಟಿ ನಂಬಿಕೆ. ಇವತ್ತಿನ ಮಾತೆಲ್ಲ ಅದರ ಸುತ್ತಲೇ.

ಒಂದು ಉದಾಹರಣೆ ಕೊಡುತ್ತೇನೆ. ರಸ್ತೆಯ ಮೇಲೆ ಜನರನ್ನು ಹೊತ್ತು ಓಡಿದ ಮೊದಮೊದಲ ಉಗಿಬಂಡಿ ಕ್ಯಾಂಬೋರ್ನ್‌ನದು. ರಿಚರ್ಡ್ ಟ್ರೆವಿಥಿಕ್ ಕಾರ್ನ್ ಬ್ರೇ ಗುಡ್ಡದ ಬುಡದಲ್ಲೇ ಹುಟ್ಟಿದವನು, ಗಣಿ ಕ್ಯಾಪ್ಟನ್‌ನ ಮಗ. 1801ರ ಕ್ರಿಸ್‌ಮಸ್ ಹಿಂದಿನ ದಿನ ಆತ ತನ್ನ ಬಂಡಿಯನ್ನು ಕ್ಯಾಂಬೋರ್ನ್ ದಿಬ್ಬದ ಮೇಲೆ ಹತ್ತಿಸಿದ. ಆ ಸಂಜೆ ಹೇಗಿತ್ತು ಎಂದು ನಮಗೆ ತಿಳಿಸಿದವನು ಎಂಜಿನಿಯರ್ ಅಲ್ಲ, ಪತ್ರಿಕೆಯವನೂ ಅಲ್ಲ. ಸ್ಟೀಫನ್ ವಿಲಿಯಮ್ಸ್ ಅಂತ, ಪೀಪಾಯಿ ಮಾಡುವ ಕಸುಬಿನವನು. ಐವತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ, ಮುದುಕನಾಗಿದ್ದಾಗ ಆತ ಹೇಳಿದ: ಬಂಡಿ ಹೊರಡುತ್ತಿದ್ದುದನ್ನು ಕಂಡು ನಾವೊಂದು ಏಳೆಂಟು ಜನ ಹಾರಿ ಹತ್ತಿಕೊಂಡೆವು, ದಿಬ್ಬ ಕಡಿದಾಗಿತ್ತು, ಆದರೂ ಅದು ಪುಟ್ಟ ಹಕ್ಕಿಯ ಹಾಗೆ ಹೋಯಿತು. ಟ್ರೆವಿಥಿಕ್‌ನ ಮಗ ಫ್ರಾನ್ಸಿಸ್ 1872ರಲ್ಲಿ ಪ್ರಕಟಿಸಿದ ತಂದೆಯ ಜೀವನಚರಿತ್ರೆಯಲ್ಲಿ ಈ ಮಾತು ಸೇರಿತು. ಇವತ್ತು ಉಗಿಯಂತ್ರದ ಬಗ್ಗೆ ಬರೆಯುವವರೆಲ್ಲ ಆ ಪೀಪಾಯಿಗಾರನ ಮಾತನ್ನು ಎತ್ತಿಕೊಳ್ಳುತ್ತಾರೆ. ಆತನನ್ನು ಕೇಳದೇ ಬಿಟ್ಟಿದ್ದರೆ ದಿಬ್ಬದ ಕಡಿದೂ ಇರುತ್ತಿರಲಿಲ್ಲ, ಹಾರಿ ಹತ್ತಿದವರ ಖುಷಿಯೂ ಇರುತ್ತಿರಲಿಲ್ಲ. ಕೆಲವೇ ದಿನಗಳಲ್ಲಿ ಆ ಬಂಡಿ ಕೆಟ್ಟು ನಿಂತಾಗ, ಅದನ್ನು ಒಂದು ಚಪ್ಪರದ ಕೆಳಗೆ ತಳ್ಳಿ ಎಲ್ಲರೂ ಊಟಕ್ಕೆ ಹೋದರಂತೆ. ಒಲೆ ಆರಿಸಲು ಮರೆತು ಬಂಡಿ ಸುಟ್ಟುಹೋಯಿತು. ಇದೂ ನೋಡಿದವರು ಹೇಳಿದ್ದರಿಂದಲೇ ಉಳಿದ ಸಂಗತಿ.

ಮಕ್ಕಳ ಮಾತನ್ನೇ ಸರ್ಕಾರ ಬರೆಸಿಕೊಂಡ ಒಂದು ಸಂದರ್ಭವೂ ಇದೆ. ಗಣಿ, ಕಾರ್ಖಾನೆಗಳಲ್ಲಿ ದುಡಿಯುವ ಮಕ್ಕಳ ಸ್ಥಿತಿ ತಿಳಿಯಲು ಬ್ರಿಟಿಷ್ ಸರ್ಕಾರ ಆಯೋಗ ರಚಿಸಿತ್ತು. ಅದರ ವರದಿ 1842ರಲ್ಲಿ ಹೊರಬಂತು. ಕಾರ್ನ್‌ವಾಲ್ ಭಾಗ ಡಾ. ಚಾರ್ಲ್ಸ್ ಬಾರ್ಹಮ್ ಅವರದು. ಟ್ರೂರೋ ಪಟ್ಟಣದ ವೈದ್ಯರು. ಗಣಿಯಿಂದ ಗಣಿಗೆ ಹೋಗಿ ಮಕ್ಕಳನ್ನೇ ಕೇಳಿ ಬರೆದುಕೊಂಡರು: ಎಷ್ಟನೇ ವಯಸ್ಸಿಗೆ ಕೆಲಸಕ್ಕೆ ಸೇರಿದೆ, ಮನೆಯಿಂದ ಎಷ್ಟು ದೂರ ನಡೆದು ಬರುತ್ತೀಯ, ಮಧ್ಯಾಹ್ನ ಏನು ತಿನ್ನುತ್ತೀಯ, ಓದಲು ಬರುತ್ತದೆಯೇ. ಕಾರ್ನ್‌ವಾಲ್‌ನಲ್ಲಿ ಹೆಂಗಸರು ಗಣಿಯೊಳಗೆ ಇಳಿಯುತ್ತಿರಲಿಲ್ಲ, ಮೇಲೆ ಅದಿರು ಒಡೆಯುವ ಕೆಲಸ ಅವರದು. ಅವರನ್ನು ಬಾಲ್ ಮೇಡನ್ ಎಂದು ಕರೆಯುತ್ತಿದ್ದರು. ದೊಡ್ಡ ಬಂಡೆಯನ್ನು ಉದ್ದ ಹಿಡಿಯ ಸುತ್ತಿಗೆಯಿಂದ ಒಡೆಯುವುದು ಬಲವಾದ ಹೆಂಗಸರ ಪಾಲು. ಚೂರುಗಳನ್ನು ಆರಿಸಿ ಬೇರೆ ಮಾಡುವುದು ಚಿಕ್ಕ ಹುಡುಗಿಯರ ಪಾಲು. ಮುಂದಕ್ಕೆ ಚಾಚಿಕೊಂಡು ಕತ್ತನ್ನೂ ಮುಚ್ಚುವ ಬಿಳಿ ಬಟ್ಟೆಯ ಟೊಪ್ಪಿ ಅವರ ಗುರುತು. ಹಾರುವ ಕಲ್ಲಿನ ಚೂರಿನಿಂದ, ಬಿಸಿಲಿನಿಂದ, ಮಳೆಯಿಂದ ಅದೇ ರಕ್ಷೆ. ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಗೆ ದಿನಕ್ಕೆ ಮೂರು ನಾಲ್ಕು ಪೆನ್ನಿ.

ಅವರ ಬುತ್ತಿಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಕಾರ್ನ್‌ವಾಲ್ ಎಂದರೆ ಈಗ ಪೇಸ್ಟಿ ಎಂಬ ತಿಂಡಿಗೆ ಹೆಸರು. ನಮ್ಮ ಕರ್ಜಿಕಾಯಿಯನ್ನು ಅಂಗೈಗಿಂತ ದೊಡ್ಡದು ಮಾಡಿ, ಒಳಗೆ ಸಿಹಿ ಹೂರಣದ ಬದಲು ದನದ ಮಾಂಸ, ಆಲೂಗಡ್ಡೆ, ಈರುಳ್ಳಿ, ಟರ್ನಿಪ್ ತುಂಬಿ, ಅಂಚು ಮಡಿಸಿ ಬೇಯಿಸಿದರೆ ಅದೇ ಪೇಸ್ಟಿ. ಯಾರದು ಯಾವುದೆಂದು ತಿಳಿಯಲು ಮೂಲೆಯಲ್ಲಿ ಹೆಸರಿನ ಮೊದಲ ಅಕ್ಷರ ಗುರುತು ಹಾಕುತ್ತಿದ್ದರು. ಆದರೆ ಬಾರ್ಹಮ್ ಅವರ ಕಾಲದ ಬಡ ಮಕ್ಕಳ ಬುತ್ತಿಯಲ್ಲಿ ಮಾಂಸದ ಪೇಸ್ಟಿ ದಿನಾ ಇರುತ್ತಿರಲಿಲ್ಲ. ಇರುತ್ತಿದ್ದದ್ದು ಹಾಗನ್. ಬಾರ್ಲಿ ಹಿಟ್ಟಿನ ಗಟ್ಟಿ ಮುದ್ದೆಯೊಳಗೆ ಒಂದು ಚೂರು ಹಂದಿಕೊಬ್ಬು ಅಥವಾ ಆಲೂಗಡ್ಡೆ ಹುದುಗಿಸಿ ಸುಟ್ಟದ್ದು. ಕಚ್ಚಿದರೆ ಹಲ್ಲಿಗೆ ಕೆಲಸ, ನುಂಗಿದರೆ ಸಂಜೆವರೆಗೆ ಹೊಟ್ಟೆ ಭಾರ. ಇವತ್ತಿನ ಪ್ರವಾಸಿ ಅಂಗಡಿಯಲ್ಲಿ ಪೇಸ್ಟಿಗೆ ಜಾಗ ಇದೆ, 2011ರಲ್ಲಿ ಅದಕ್ಕೆ ಐರೋಪ್ಯ ಒಕ್ಕೂಟದ ಭೌಗೋಳಿಕ ಗುರುತೂ ಸಿಕ್ಕಿತು. ಹಾಗನ್ ಯಾವ ಅಂಗಡಿಗೂ ಬರಲಿಲ್ಲ. ಅದು ಉಳಿದಿರುವುದು ಮಾತಿನಲ್ಲಿ, ಬರೆದಿಟ್ಟ ಕಾಗದದಲ್ಲಿ.

ಪೇಸ್ಟಿಯ ಕೊನೆಯ ತುಣುಕನ್ನು ಗಣಿಯೊಳಗೆ ಬಿಟ್ಟು ಬರುವ ರೂಢಿಯ ಕಥೆಯನ್ನೂ ಅಲ್ಲಿಯ ಮಕ್ಕಳೆಲ್ಲ ಕೇಳಿ ಬೆಳೆದರು. ಭೂಮಿಯೊಳಗೆ ನಾಕರ್ ಎಂಬ ಪುಟ್ಟ ಜೀವಿಗಳಿವೆ, ಕಲ್ಲನ್ನು ತಟ್ಟುತ್ತಿರುತ್ತವೆ, ಒಳ್ಳೆಯ ಅದಿರು ಎಲ್ಲಿದೆ ಎಂದು ತೋರಿಸುತ್ತವೆ, ಕುಸಿತದ ಮುನ್ಸೂಚನೆಯನ್ನೂ ಕೊಡುತ್ತವೆ, ಅವಕ್ಕೆ ಪಾಲು ಕೊಡದಿದ್ದರೆ ಕೇಡು. ಕಲ್ಲು ಬಿರಿಯುವ ಮುಂಚೆ ಸದ್ದು ಬರುವುದು ನಿಜ. ಕೆ.ಜಿ.ಎಫ್.ನಲ್ಲಿ ಬೆಳೆದವರಿಗೆ ರಾಕ್‌ಬರ್ಸ್ಟ್ (ಗಣಿಯೊಳಗೆ ಕಲ್ಲು ಒಮ್ಮೆಲೇ ಸಿಡಿಯುವುದು) ಅಂದರೇನೆಂದು ನಾನು ಹೇಳಬೇಕಾಗಿಲ್ಲ. ಆ ಭಯಕ್ಕೆ ಮನೆಯಲ್ಲಿ ಮಕ್ಕಳಿಗೆ ಹೇಳಬಹುದಾದ ಒಂದು ರೂಪ ನಾಕರ್.

ಈಗ ಆ ಮಕ್ಕಳ ದೊಡ್ಡ ಹಬ್ಬಕ್ಕೆ ಬರುತ್ತೇನೆ. ಕಾರ್ನ್‌ವಾಲ್‌ನ ಗಣಿಜನ ಬಹುಪಾಲು ಮೆಥಡಿಸ್ಟರು, ಇಂಗ್ಲೆಂಡಿನ ಅಧಿಕೃತ ಚರ್ಚಿನಿಂದ ಬೇರೆಯಾದ ಕ್ರೈಸ್ತ ಪಂಥದವರು. ಆ ಪಂಥಕ್ಕೆ ನಾಂದಿ ಹಾಡಿದ ಜಾನ್ ವೆಸ್ಲಿ ರೆಡ್ರುತ್ ಹತ್ತಿರದ ಗ್ವೆನಪ್ ಪಿಟ್ ಎಂಬ ತಗ್ಗಿನಲ್ಲಿ 1762ರಿಂದ 1789ರ ನಡುವೆ ಹದಿನೆಂಟು ಸಲ ನಿಂತು ಬೋಧಿಸಿದರು. ಆ ತಗ್ಗನ್ನು 1806ರಲ್ಲಿ ಸುತ್ತು ಸುತ್ತಾಗಿ ಹುಲ್ಲಿನ ಮೆಟ್ಟಿಲು ಮಾಡಿ ತಿದ್ದಿದ್ದಾರೆ, ಇವತ್ತೂ ಅಲ್ಲಿ ಪ್ರಾರ್ಥನೆ ನಡೆಯುತ್ತದೆ. ಊರೂರಿಗೂ, ಕೇರಿ ಕೇರಿಗೂ ಚಾಪೆಲ್, ಅಂದರೆ ಮೆಥಡಿಸ್ಟರ ಪ್ರಾರ್ಥನಾ ಮಂದಿರ. ಪ್ರತಿ ಚಾಪೆಲಿಗೂ ಒಂದು ಸಂಡೇ ಸ್ಕೂಲ್. ವಾರವಿಡೀ ಅದಿರು ಆರಿಸುತ್ತಿದ್ದ ಅನೇಕ ಮಕ್ಕಳಿಗೆ ಓದು ಕಲಿಸಿದ್ದು ಈ ಭಾನುವಾರದ ಶಾಲೆಯೇ. ವರ್ಷಕ್ಕೊಮ್ಮೆ, ಬೇಸಿಗೆಯಲ್ಲಿ, ಸಂಡೇ ಸ್ಕೂಲಿನ ಮಕ್ಕಳಿಗೆಲ್ಲ ಟೀ ಟ್ರೀಟ್. ಹಿತ್ತಾಳೆ ವಾದ್ಯದ ಬ್ಯಾಂಡ್ ಮುಂದೆ, ಚಾಪೆಲಿನ ಬಣ್ಣದ ಪತಾಕೆ ಅದರ ಹಿಂದೆ, ಒಗೆದು ಇಸ್ತ್ರಿ ಮಾಡಿದ ಬಟ್ಟೆ ತೊಟ್ಟ ಮಕ್ಕಳು ಸಾಲಾಗಿ ತಮ್ಮ ತಮ್ಮ ಮಗ್ ಹಿಡಿದುಕೊಂಡು ಊರ ಬೀದಿ ಸುತ್ತಿ ಒಂದು ಹೊಲಕ್ಕೆ ಹೋಗುತ್ತಿದ್ದರು. ಅಲ್ಲಿ ಓಟದ ಪಂದ್ಯ, ಆಟ, ಚಹಾ. ಮತ್ತು ಕೇಸರಿ ಬನ್.

ಅದು ಊಟದ ತಟ್ಟೆಯಷ್ಟು ಅಗಲದ ಬನ್. ಕೇಸರಿಯ ಎಳೆಗಳನ್ನು ಹಿಂದಿನ ರಾತ್ರಿಯೇ ಬಿಸಿನೀರಿನಲ್ಲಿ ನೆನೆಹಾಕಿ, ಆ ನೀರನ್ನೇ ಹಿಟ್ಟಿಗೆ ಬೆರೆಸಿ, ಒಣದ್ರಾಕ್ಷಿ ಸೇರಿಸಿ, ಯೀಸ್ಟ್ ಹಾಕಿ ಉಬ್ಬಿಸಿ ಸುಡುತ್ತಿದ್ದರು. ಮುರಿದರೆ ಒಳಗೆ ಹಳದಿ. ಯಾವುದಾದರೂ ತುಟ್ಟಿ ಎನಿಸಿದರೆ ಕೇಸರಿಯಷ್ಟು ತುಟ್ಟಿ ಅನ್ನುವುದು ಅಲ್ಲಿಯ ಆಡುಮಾತು. ಬಾರ್ಲಿ ಮುದ್ದೆ ತಿನ್ನುವ ಮಗುವಿನ ಕೈಗೆ ವರ್ಷಕ್ಕೊಮ್ಮೆ ಕೇಸರಿ ಹಾಕಿದ ಇಡೀ ಬನ್, ಯಾರೊಂದಿಗೂ ಹಂಚಿಕೊಳ್ಳಬೇಕಿಲ್ಲದ ಬನ್. ಕಾರ್ನ್‌ವಾಲ್‌ನವರ ಬಾಲ್ಯದ ನೆನಪುಗಳನ್ನು ಓದುತ್ತಾ ಹೋದರೆ ಗಣಿ ದುರಂತಕ್ಕಿಂತ ಹೆಚ್ಚು ಸಲ ಈ ಬನ್ ಬರುತ್ತದೆ. ಮೊದಮೊದಲು ನನಗೆ ಇದು ಹಗುರ ಅನ್ನಿಸುತ್ತಿತ್ತು. ಓದುತ್ತ ಓದುತ್ತ ಅರ್ಥವಾಯಿತು, ಬನ್ನಿನ ಗಾತ್ರ ಹೇಳುವವರು ಉಳಿದ ದಿನಗಳ ಹಸಿವನ್ನೂ ಹೇಳುತ್ತಿದ್ದಾರೆ. ಹಸಿದಿದ್ದೆವು ಎಂದು ಬಾಯಿಬಿಟ್ಟು ಹೇಳಲು ಅವರಿಗೆ ಮನಸ್ಸಿಲ್ಲ. ಬನ್ ಎಷ್ಟು ದೊಡ್ಡದಿತ್ತು ಎಂದು ಎರಡೂ ಕೈ ಅಗಲಿಸಿ ತೋರಿಸುತ್ತಾರೆ.

ಈ ನೆನಪುಗಳನ್ನು ಕಣ್ಣುಮುಚ್ಚಿ ನಂಬಬೇಕೇ ಎಂದು ನೀವು ಕೇಳಬಹುದು. ಇಲ್ಲ. ಅವನ್ನು ಇನ್ನೊಂದು ದಾಖಲೆಯ ಪಕ್ಕ ಇಟ್ಟು ನೋಡಬೇಕು. ಬ್ರಿಟನ್ನಿನಲ್ಲಿ ಅದಕ್ಕೊಂದು ಅದ್ಭುತ ಸಾಧನ ಇದೆ, ಶಾಲೆಯ ಲಾಗ್ ಬುಕ್. ಶಿಕ್ಷಕರಾದ ನಿಮಗೆ ಇದು ಹತ್ತಿರದ ವಿಷಯ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಸರ್ಕಾರದ ಅನುದಾನ ಪಡೆಯುವ ಶಾಲೆಯ ಮುಖ್ಯೋಪಾಧ್ಯಾಯರು ದಿನಚರಿ ಬರೆಯಲೇಬೇಕೆಂದು 1862ರ ಶಿಕ್ಷಣ ಸಂಹಿತೆ ವಿಧಿಸಿತು. ತಪ್ಪದೆ ಬರೆಯಬೇಕು. ನಡೆದದ್ದನ್ನಷ್ಟೇ ಬರೆಯಬೇಕು, ಸ್ವಂತ ಅಭಿಪ್ರಾಯ, ಚಿಂತನೆ ಸೇರಿಸಬಾರದು. ಅನುದಾನ ಮಕ್ಕಳ ಹಾಜರಿ ಮತ್ತು ಪರೀಕ್ಷೆಯ ಫಲಿತಾಂಶದ ಮೇಲೆ ನಿಂತಿತ್ತು. ಹಾಜರಿ ಕುಸಿದರೆ ಮೇಷ್ಟರ ಸಂಬಳಕ್ಕೇ ಪೆಟ್ಟು. ಹಾಗಾಗಿ ಮಕ್ಕಳು ಯಾಕೆ ಬರಲಿಲ್ಲ ಎಂದು ಅವರು ಒಂದನ್ನೂ ಬಿಡದೆ ಬರೆದರು. ಮಳೆ, ದಡಾರ, ಆಲೂಗಡ್ಡೆ ಕೀಳುವ ಕಾಲ, ಊರಿಗೆ ಬಂದ ಸರ್ಕಸ್, ಮತ್ತೆ ಮತ್ತೆ ಟೀ ಟ್ರೀಟ್. ಅಭಿಪ್ರಾಯ ಬರೆಯಬಾರದೆಂಬ ನಿಯಮವನ್ನು ಎಷ್ಟೋ ಮೇಷ್ಟರುಗಳು ಪಾಲಿಸಲಿಲ್ಲ. ಬೇಸರ, ಸಿಟ್ಟು, ಸತ್ತ ಮಗುವಿನ ಬಗ್ಗೆ ಒಂದು ಸಾಲಿನ ದುಃಖ, ಎಲ್ಲ ಒಳಗೆ ನುಗ್ಗಿದೆ. ನಿಯಮ ಮುರಿದ ಆ ಮೇಷ್ಟರುಗಳಿಗೆ ನಾನು ಋಣಿ.

ರೆಡ್ರುತ್‌ನಲ್ಲಿ ಕ್ರೆಸೆನ್ ಕೆರ್ನೋ ಎಂಬ ದಾಖಲೆ ಕೇಂದ್ರ ಇದೆ. ಹಳೆಯ ಬಿಯರ್ ಕಾರ್ಖಾನೆಯ ಕಟ್ಟಡವನ್ನು ದುರಸ್ತಿ ಮಾಡಿ 2019ರಲ್ಲಿ ತೆರೆದದ್ದು. ಗಣಿಯ ನಕ್ಷೆ, ಚಾಪೆಲಿನ ಪುಸ್ತಕ, ಶಾಲೆಯ ದಾಖಲೆ, ಮನೆಮನೆಯ ಪತ್ರ ಎಲ್ಲ ಒಂದೇ ಸೂರಿನಡಿ. ಓದುವ ಕೋಣೆಯಲ್ಲಿ ಕೂತರೆ ಅಕ್ಕಪಕ್ಕದಲ್ಲಿ ಪ್ರಾಧ್ಯಾಪಕರಿಗಿಂತ ಹೆಚ್ಚಾಗಿ ಊರಿನ ನಿವೃತ್ತರೇ ಇರುತ್ತಾರೆ, ತಮ್ಮ ಮುತ್ತಜ್ಜನನ್ನು ಹುಡುಕಿಕೊಂಡು ಬಂದವರು. ನೆನಪನ್ನೂ ಲಾಗ್ ಬುಕ್ಕನ್ನೂ ಅಕ್ಕಪಕ್ಕ ಇಟ್ಟು ಓದುವುದು ಎಷ್ಟು ಫಲ ಕೊಡುತ್ತದೆ ಎಂದು ನನಗೆ ತಿಳಿದದ್ದು ಅಂಥ ಓದಿನಿಂದಲೇ. ಹಿರಿಯರ ನೆನಪಿನಲ್ಲಿ ಟೀ ಟ್ರೀಟ್ ಅಂದರೆ ಇಡೀ ಊರಿಗೆ ಒಂದೇ ದಿನ, ಬಿಸಿಲಿನ ದಿನ. ಶಾಲೆಯ ಪುಸ್ತಕ ನೋಡಿದರೆ ಒಂದೊಂದು ಚಾಪೆಲಿಗೆ ಒಂದೊಂದು ದಿನ, ಕೆಲವು ದಿನ ಮಳೆ. ನೆನಪು ಸುಳ್ಳು ಹೇಳಿತೇ? ಮಗುವಿಗೆ ಇದ್ದದ್ದು ತನ್ನ ಚಾಪೆಲಿನ ದಿನ ಒಂದೇ, ಅದೇ ಅದಕ್ಕೆ ಇಡೀ ಊರು. ಎರಡು ದಾಖಲೆ ಹೊಂದದಿದ್ದಾಗ ಒಂದನ್ನು ಎಸೆಯಬೇಡಿ. ಯಾಕೆ ಹೊಂದುತ್ತಿಲ್ಲ ಎಂದು ಕೇಳಿದಾಗಲೇ ಊರು ಬಾಯಿಬಿಡುತ್ತದೆ.

ಸದ್ದಿನ ವಿಷಯಕ್ಕೆ ಬರುತ್ತೇನೆ. ತವರದ ಅದಿರನ್ನು ಪುಡಿ ಮಾಡಲು ಸ್ಟ್ಯಾಂಪ್‌ಗಳಿದ್ದವು. ಕಬ್ಬಿಣದ ತಲೆ ಕಟ್ಟಿದ ಭಾರೀ ಮರದ ತೊಲೆಗಳು ಸಾಲಾಗಿ ಎದ್ದು ಬೀಳುತ್ತಿದ್ದವು, ಹಗಲೂ ರಾತ್ರಿ. ಆ ಸದ್ದಿನ ಪಕ್ಕದಲ್ಲೇ ಹುಟ್ಟಿದ ಮಕ್ಕಳಿಗೆ ಅದು ಕೇಳಿಸುತ್ತಲೇ ಇರಲಿಲ್ಲ. ರಾತ್ರಿ ಸ್ಟ್ಯಾಂಪ್ ನಿಂತರೆ ಮಾತ್ರ ಊರಿಗೆ ಊರೇ ಎಚ್ಚರಾಗುತ್ತಿತ್ತು ಎಂಬ ಮಾತು ಕಾರ್ನ್‌ವಾಲ್‌ನ ಗಣಿಯೂರುಗಳಲ್ಲೆಲ್ಲ ಕೇಳಿಬರುತ್ತದೆ. ಸದ್ದು ನಿಂತಿತೆಂದರೆ ಯಂತ್ರ ಕೆಟ್ಟಿದೆ, ಇಲ್ಲವೇ ಗಣಿಯೇ ನಿಂತಿದೆ. ಅದಿರು ತೊಳೆದ ನೀರು ಹರಿದು ಹರಿದು ಅಲ್ಲಿಯ ಹೊಳೆಯೊಂದು ಕೆಂಪಾಗಿತ್ತು, ಅದರ ಹೆಸರೂ ರೆಡ್ ರಿವರ್. ಸಮುದ್ರ ಸೇರುವ ಕಡೆಯಲ್ಲಿ ಅಲೆಯೂ ಕೆಂಪು. ಹೊಳೆಯ ನೀರು ಕೆಂಪಗಿರುವುದೇ ಸಹಜ ಎಂದು ತಿಳಿದು ಬೆಳೆದ ಮಕ್ಕಳ ತಲೆಮಾರುಗಳೇ ಅಲ್ಲಿ ಇವೆ.

ಇಲ್ಲಿ ಒಂದು ಮಾತು ಸೇರಿಸಬೇಕು. ಎರಡು ಊರುಗಳ ನಡುವಿನ ಟಕಿಂಗ್‌ಮಿಲ್‌ನಲ್ಲಿ ವಿಲಿಯಂ ಬಿಕ್‌ಫರ್ಡ್ ಎಂಬ ಚರ್ಮದ ವ್ಯಾಪಾರಿ 1831ರಲ್ಲಿ ಸುರಕ್ಷಿತ ಸಿಡಿಬತ್ತಿ ಕಂಡುಹಿಡಿದ. ಅದಕ್ಕೂ ಮೊದಲು ಹುಲ್ಲಿನ ಕೊಳವೆ, ಹಕ್ಕಿಯ ಪುಕ್ಕದ ಕೊಳವೆಯಲ್ಲಿ ಮದ್ದು ತುಂಬಿ ಬೆಂಕಿ ಹಚ್ಚುತ್ತಿದ್ದರು. ಯಾವಾಗ ಸಿಡಿಯುತ್ತದೆ ಎಂದು ಹೇಳುವಂತಿರಲಿಲ್ಲ. ಕಣ್ಣು ಕಳೆದುಕೊಂಡವರು, ಕೈ ಕಳೆದುಕೊಂಡವರು ಪ್ರತಿ ಬೀದಿಯಲ್ಲೂ ಇದ್ದರು. ಹಗ್ಗ ಹೊಸೆಯುವುದನ್ನು ನೋಡಿ ಬಿಕ್‌ಫರ್ಡ್‌ಗೆ ಉಪಾಯ ಹೊಳೆಯಿತು: ನೂಲಿನ ಹಗ್ಗದ ನಡುವೆ ಮದ್ದಿನ ಎಳೆ ಹೊಸೆದರೆ ಅದು ಒಂದೇ ವೇಗದಲ್ಲಿ ಉರಿಯುತ್ತದೆ. ಆ ಕಾರ್ಖಾನೆಯಲ್ಲಿ ಬತ್ತಿ ಹೊಸೆದವರಲ್ಲಿ ಹೆಂಗಸರು, ಹುಡುಗಿಯರೇ ಹೆಚ್ಚು. ಜಗತ್ತಿನ ಗಣಿಗಳಲ್ಲಿ ಎಷ್ಟು ಜೀವ ಉಳಿದವೋ ಆ ಹುಡುಗಿಯರ ಬೆರಳುಗಳಿಂದ. ಅವರ ಹೆಸರು ಯಾವ ಕಂಬದ ಮೇಲೂ ಇಲ್ಲ. ಕಾರ್ನ್ ಬ್ರೇ ಮೇಲಿನ ತೊಂಬತ್ತು ಅಡಿ ಜಮೀನ್ದಾರನದು.

1866ರಲ್ಲಿ ತಾಮ್ರದ ಬೆಲೆ ಕುಸಿಯಿತು. ಚಿಲಿಯಿಂದ, ಅಮೆರಿಕದ ಲೇಕ್ ಸುಪೀರಿಯರ್ ಕಡೆಯಿಂದ ಅಗ್ಗದ ತಾಮ್ರ ಬಂದು ಕಾರ್ನ್‌ವಾಲ್‌ನ ಗಣಿಗಳು ಸಾಲಾಗಿ ಮುಚ್ಚಿದವು. ತವರ ಇನ್ನೂ ಕೆಲವು ದಶಕ ಕೈಹಿಡಿಯಿತು, ಆಮೇಲೆ ಮಲಯ, ಬೊಲಿವಿಯಾದ ತವರ ಅದನ್ನೂ ಹಿಂಡಿತು. ಗಂಡಸರು ಹೊರಟರು. ದಕ್ಷಿಣ ಆಸ್ಟ್ರೇಲಿಯಾದ ಮೂಂಟಾ, ಕ್ಯಾಲಿಫೋರ್ನಿಯಾದ ಗ್ರಾಸ್ ವ್ಯಾಲಿ, ಜೋಹಾನ್ಸ್‌ಬರ್ಗ್, ಕೋಲಾರ. ಹೆಂಡತಿ ಮಕ್ಕಳು ಊರಲ್ಲೇ ಉಳಿದರು. ಹೊರಗಿನಿಂದ ಬರುವ ಹಣಕ್ಕೆ ಹೋಮ್ ಪೇ ಎನ್ನುತ್ತಿದ್ದರು. ದಕ್ಷಿಣ ಆಫ್ರಿಕಾದ ಟಪಾಲು ಬಂದ ದಿನ ರೆಡ್ರುತ್ ಪೇಟೆಯಲ್ಲಿ ವ್ಯಾಪಾರ, ತಡವಾದರೆ ಕಿರಾಣಿ ಅಂಗಡಿಯಲ್ಲಿ ಸಾಲ. 1899ರಲ್ಲಿ ಬೋಯರ್ ಯುದ್ಧ ಶುರುವಾಗಿ ಗಣಿಗಳು ನಿಂತಾಗ ಸಾವಿರಾರು ಮೈಲಿ ಆಚೆಯ ಆ ಯುದ್ಧ ರೆಡ್ರುತ್‌ನ ಮಕ್ಕಳ ತಟ್ಟೆಗೇ ಬಂದು ತಟ್ಟಿತು.

ಆ ಮಕ್ಕಳಿಗೆ ಅಪ್ಪ ಎಂದರೆ ಗೋಡೆಯ ಮೇಲಿನ ಒಂದು ಫೋಟೋ, ತಿಂಗಳಿಗೊಂದು ಪತ್ರ. ವರ್ಷಗಳ ಮೇಲೆ ಅಪರಿಚಿತನೊಬ್ಬ ಮನೆಗೆ ಬಂದು ಊಟದ ಮೇಜಿನ ತಲೆಯಲ್ಲಿ ಕೂತಾಗ ಅಮ್ಮ, ಇವರೇ ನಿನ್ನ ಅಪ್ಪ ಎಂದಳು. ಇಂಥ ನೆನಪು ಕಾರ್ನ್‌ವಾಲ್‌ನಲ್ಲಿ ಒಂದೆರಡು ಮನೆಯದಲ್ಲ. ಆಫ್ರಿಕಾದಿಂದ ಮರಳಿದ ಎಷ್ಟೋ ಅಪ್ಪಂದಿರು ಬಂದದ್ದು ಸಾಯಲಿಕ್ಕೆ. ಯಂತ್ರದ ಡ್ರಿಲ್ ಎಬ್ಬಿಸಿದ ಕಲ್ಲಿನ ಧೂಳು ಶ್ವಾಸಕೋಶ ತುಂಬಿತ್ತು. ಮೂವತ್ತು ದಾಟಿದ ಗಂಡಸು ಮನೆಯ ಮುಂದೆ ಬಿಸಿಲಿಗೆ ಕೂತು ಕೆಮ್ಮುತ್ತಿದ್ದ, ಮಕ್ಕಳು ಸದ್ದು ಮಾಡದೆ ಆಡಬೇಕಿತ್ತು. ಆರ್ಸೆನಿಕ್ ಕಾರ್ಖಾನೆಗಳೂ ಇದ್ದವು. ಅದಿರು ಹುರಿದಾಗ ಸಿಗುವ ಬಿಳಿ ಪುಡಿಯನ್ನು ಕೆರೆದು ತೆಗೆಯುವವರು ಮೂಗಿಗೆ ಹತ್ತಿ ತುರುಕಿಕೊಂಡು, ಮುಖಕ್ಕೆ ಜೇಡಿಮಣ್ಣು ಬಳಿದುಕೊಂಡು ಕೆಲಸ ಮಾಡುತ್ತಿದ್ದರು. ಚಿನ್ನ ತೆಗೆದ ಮೇಲೆ ಉಳಿದ ಪುಡಿಯನ್ನು ಸುರಿದ ನಮ್ಮ ಸೈನೈಡ್ ಗುಡ್ಡದ ಧೂಳು ಗಾಳಿಗೆ ಎದ್ದಾಗ ಕಿಟಕಿ ಮುಚ್ಚಿದ ಮನೆಗಳಲ್ಲಿ ಬೆಳೆದವರಿಗೆ ಇದು ಪುಸ್ತಕದ ಮಾತಲ್ಲ.

ನೆನಪಿಗೆ ಕುರುಡು ಜಾಗವೂ ಇರುತ್ತದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. ಕಾರ್ನ್‌ವಾಲ್‌ನ ಮನೆಗಳ ನೆನಪಿನಲ್ಲಿ ಕೋಲಾರ ಎಂದರೆ ಅಪ್ಪ ಇದ್ದ ಜಾಗ, ಹಣ ಬರುವ ಜಾಗ, ಬಿಸಿಲು, ಕ್ಲಬ್ಬು. ಅಪ್ಪನ ಕೈಕೆಳಗೆ ಇಳಿದವರು ಆ ನೆನಪಿನಲ್ಲಿ ಇಲ್ಲ. ಉತ್ತರ ಆರ್ಕಾಟಿನಿಂದ, ಆಂಧ್ರದಿಂದ, ಕೋಲಾರದ ಸುತ್ತಲಿನ ಹಳ್ಳಿಗಳಿಂದ ಬಂದು ಚಾಂಪಿಯನ್ ರೀಫ್‌ನಲ್ಲಿ, ಮೈಸೂರು ಮೈನ್‌ನಲ್ಲಿ, ನಂದಿದುರ್ಗದಲ್ಲಿ ಇಳಿದ ಸಾವಿರಾರು ಜನ ಅವರು. ಅವರ ಮಕ್ಕಳೂ ಅಷ್ಟೇ ಸದ್ದು ಕೇಳಿದರು, ಅಷ್ಟೇ ಕೆಮ್ಮು ಕೇಳಿದರು. ಕಾರ್ನ್‌ವಾಲ್‌ನವರು ತಮ್ಮ ಪಾಲನ್ನು ಬರೆದಿಟ್ಟರು. ಇನ್ನೊಂದು ಪಾಲು ಅವರಿಂದ ಬರಲು ಸಾಧ್ಯವಿಲ್ಲ, ಅದು ಇಲ್ಲಿಂದಲೇ ಬರಬೇಕು.

ಅವರು ಬರೆದಿಡುವ ಕೆಲಸ ಶುರು ಮಾಡಿದ ರೀತಿ ಗಮನಿಸಿ. 1920ರಲ್ಲಿ ಸೇಂಟ್ ಐವ್ಸ್ ಪಟ್ಟಣದಲ್ಲಿ ಓಲ್ಡ್ ಕಾರ್ನ್‌ವಾಲ್ ಸೊಸೈಟಿ ಎಂಬ ಸಣ್ಣ ಸಂಘ ಹುಟ್ಟಿತು. ರಾಬರ್ಟ್ ಮಾರ್ಟನ್ ನಾನ್ಸ್ ಅದರ ಹಿಂದಿದ್ದವರು. 1924ರ ಹೊತ್ತಿಗೆ ಊರೂರಿನ ಸಂಘಗಳ ಒಕ್ಕೂಟವೇ ಆಯಿತು. ಉಳಿದ ಚೂರುಗಳನ್ನು ಕೂಡಿಸಿರಿ, ಏನೂ ಕಳೆದುಹೋಗದಿರಲಿ ಎಂಬುದು ಅವರ ಧ್ಯೇಯವಾಕ್ಯ, ಬೈಬಲ್ಲಿನ ರೊಟ್ಟಿಯ ಪ್ರಸಂಗದಿಂದ ಎತ್ತಿಕೊಂಡದ್ದು. ಕಾಲ ನೋಡಿ. ಆ ನಾಡಿನ ಅತ್ಯಂತ ಆಳದ ಗಣಿ, ಮೂರು ಸಾವಿರ ಅಡಿ ದಾಟಿದ್ದ ಕ್ಯಾಂಬೋರ್ನ್‌ನ ಡಾಲ್ಕೋತ್, ಮುಚ್ಚಿದ್ದು 1920–21ರಲ್ಲಿ. ಊರಿನ ಎದೆಬಡಿತವೇ ನಿಂತ ಹೊತ್ತಿನಲ್ಲಿ ಜನ ಕೂತು ಅಜ್ಜಿಯ ಮಾತು, ಆಟದ ಹಾಡು, ಹೊಲದ ಹೆಸರು ಬರೆದುಕೊಂಡರು. ರೆಡ್ರುತ್‌ನವರೇ ಆದ ಎ.ಕೆ. ಹ್ಯಾಮಿಲ್ಟನ್ ಜೆಂಕಿನ್ ಅದೇ ದಶಕದಲ್ಲಿ ಮುದಿ ಗಣಿಗಾರರ ಮನೆಗಳಿಗೆ ಹೋಗಿ ಕೇಳಿ ಕೇಳಿ ಬರೆದರು. ಆ ಮುದುಕರು ಉಗಿಯಂತ್ರದ ಉಚ್ಛ್ರಾಯದ ಕಾಲದಲ್ಲಿ ಹುಡುಗರಾಗಿದ್ದವರು. ಹತ್ತು ವರ್ಷ ತಡವಾಗಿದ್ದರೆ ಕೇಳಲು ಯಾರೂ ಇರುತ್ತಿರಲಿಲ್ಲ.

ಕೊನೆಯ ಗಣಿ ಸೌತ್ ಕ್ರಾಫ್ಟಿ 1998ರ ಮಾರ್ಚ್‌ನಲ್ಲಿ ನಿಂತಿತು. ಕೆ.ಜಿ.ಎಫ್. ನಿಂತದ್ದು 2001ರ ಫೆಬ್ರವರಿಯಲ್ಲಿ. ನಡುವೆ ಮೂರೇ ವರ್ಷ. ಅಂದರೆ ಸೈರನ್ನಿಗೆ ಎದ್ದು ಮಲಗಿದ ಕೆ.ಜಿ.ಎಫ್.ನ ಮಕ್ಕಳು ಈಗಿನ್ನೂ ಮಧ್ಯವಯಸ್ಸಿನವರು. ಅವರ ಅಪ್ಪ ಅಮ್ಮಂದಿರಲ್ಲಿ ಬಹಳ ಜನ ಇನ್ನೂ ಇದ್ದಾರೆ. ನಿಮ್ಮ ತರಗತಿಯಲ್ಲಿ ಕೂತಿರುವ ಮಕ್ಕಳ ಅಜ್ಜಿ ತಾತ ಅವರೇ.

ಅವರನ್ನು ಕೇಳಲು ಹೋದಾಗ, ನಿಮ್ಮ ಬಾಲ್ಯ ಹೇಗಿತ್ತು ಎಂದು ಕೇಳಬೇಡಿ. ಚೆನ್ನಾಗಿತ್ತು ಅಂತಲೋ ಕಷ್ಟ ಇತ್ತು ಅಂತಲೋ ಒಂದು ಮಾತಿನಲ್ಲಿ ಮುಗಿಸುತ್ತಾರೆ. ಅಪ್ಪನ ಬುತ್ತಿಗೆ ಏನು ಕಟ್ಟುತ್ತಿದ್ದರು, ಯಾರು ಕೊಂಡೊಯ್ದು ಕೊಡುತ್ತಿದ್ದರು, ಮನೆಯಲ್ಲಿ ಯಾರು ಎಲ್ಲಿ ಮಲಗುತ್ತಿದ್ದಿರಿ, ನೀರಿನ ನಲ್ಲಿ ಎಷ್ಟು ದೂರ, ಯಾವ ಬೀದಿಗೆ ಹೋಗಬಾರದು ಎಂದು ಮನೆಯಲ್ಲಿ ಹೇಳಿದ್ದರು, ಯಾಕೆ? ಹೀಗೆ ಕೇಳಿ. ಹೋಗಬಾರದ ಬೀದಿಯ ಪ್ರಶ್ನೆಯನ್ನು ಮರೆಯಬೇಡಿ. ಊರಿನೊಳಗಿನ ಗೋಡೆಗಳೆಲ್ಲ ಅದಕ್ಕೆ ಬರುವ ಉತ್ತರದಲ್ಲಿ ಕಾಣುತ್ತವೆ. ಕಾರ್ನ್‌ವಾಲ್‌ನಲ್ಲೂ ಅಧಿಕೃತ ಚರ್ಚಿನವರ ಮಕ್ಕಳು, ಚಾಪೆಲಿನವರ ಮಕ್ಕಳು ಎಂಬ ಭೇದ ಹೀಗೆಯೇ ಹೊರಬಂದದ್ದು. ಹಿರಿಯರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯಿರಿ. ತಮಿಳು, ತೆಲುಗು, ಕನ್ನಡ ಬೆರೆತಿದ್ದರೆ ಬೆರೆತ ಹಾಗೆಯೇ ಇರಲಿ, ತಿದ್ದಬೇಡಿ.

ಮಾತು ಮುಗಿದ ಮೇಲೆ ಮುಂದಿನ ಸಾಲಿನ ಶಿಕ್ಷಕಿಯೊಬ್ಬರು ಕೇಳಿದರು: ನಮ್ಮ ಶಾಲೆಯ ಹಳೆಯ ದಾಖಲಾತಿ, ಹಾಜರಿ ಪುಸ್ತಕಗಳು ಕೊಠಡಿಯಲ್ಲಿ ಗೆದ್ದಲು ಹಿಡಿದಿವೆ, ನಾವೇನು ಮಾಡಬಹುದು? ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ಮೊದಲು ಪುಸ್ತಕಗಳನ್ನು ನೆಲದಿಂದ ಎತ್ತಿ ಒಣ ಕಪಾಟಿಗೆ ಸೇರಿಸಿ. ಆಮೇಲೆ ರಟ್ಟಿನಿಂದ ಹಿಡಿದು ಕೊನೆಯ ಪುಟದವರೆಗೆ, ಖಾಲಿ ಪುಟವನ್ನೂ ಬಿಡದೆ, ಕಿಟಕಿಯ ಬೆಳಕಿನಲ್ಲಿ ಫೋನಿನಿಂದ ಚಿತ್ರ ತೆಗೆಯಿರಿ. ಪುಟ ಹರಿದಿದ್ದರೆ ಅಂಟಿಸುವ ಟೇಪು ಹಾಕಬೇಡಿ, ಅದು ಕಾಗದವನ್ನು ತಿನ್ನುತ್ತದೆ. ಬದುಕಿರುವವರ ಜಾತಿ, ಫೇಲಾದ ವಿವರ ಅದರಲ್ಲಿರುತ್ತದೆ, ಆದ್ದರಿಂದ ಯಾವುದನ್ನೂ ಅಂತರ್ಜಾಲಕ್ಕೆ ಹಾಕಬೇಡಿ. ಬ್ರಿಟನ್ನಿನ ದಾಖಲೆ ಕೇಂದ್ರಗಳೂ ಇತ್ತೀಚಿನ ದಶಕಗಳ ಶಾಲಾ ಪುಸ್ತಕಗಳನ್ನು ಎಲ್ಲರಿಗೂ ತೆರೆಯುವುದಿಲ್ಲ. ಚಿತ್ರಗಳ ಎರಡು ಪ್ರತಿ ಮಾಡಿ, ಒಂದು ಶಾಲೆಯಲ್ಲಿ, ಇನ್ನೊಂದು ಬೇರೆ ಕಟ್ಟಡದಲ್ಲಿ ಇರಲಿ. ಈ ಮಳೆಗಾಲಕ್ಕೆ ಮುಂಚೆ ಮಾಡಿ.